ಕಟ್ಟೆಮಳಲವಾಡಿಯವನ ಕೇಪಿನ ಕೋವಿ

"ಕೋವಿ ರಿಪೇರಿ ಮಾಡೋರು ಇಲ್ವಾ?" ಎಂದು ಕೇಳಿದ.

"ಎದುರಿಗೇ ಕೂತವ್ಳಲ್ಲ," ಎಂದೆ.

ಅವನು ನನ್ನ ಹಿಂದಕ್ಕೆ ಇಣುಕಿ ನೋಡಿದ. ಅಂಗಡಿಯೊಳಗೆ ನನ್ನನ್ನು ಬಿಟ್ಟರೆ ಇದ್ದದ್ದು ಒಂದು ಬೆಕ್ಕು. ನನಗೆ ಸಿಟ್ಟು ಬಂತು. ಸಿಟ್ಟು ನೆತ್ತಿಗೇರಿದ ಹೊತ್ತಿನಲ್ಲೇ ಇವನ ಕಣ್ಣು ಎಷ್ಟು ಚೆನ್ನಾಗಿವೆ ಅನ್ನಿಸಬೇಕೆ? ನನ್ನ ಹಣೆಬರಹ.

2003ರ ಜೂನ್ ಅದು. ಕಂಪಲಾಪುರದಲ್ಲಿ ಹಳೇ ಕೇಪಿನ ಕೋವಿ ಮುಟ್ಟುವ ಅಂಗಡಿ ನಮ್ಮದೊಂದೇ. ಲೈಸೆನ್ಸು ಅಪ್ಪ ಮಂಟಯ್ಯನದು. ಅವನ ಕಣ್ಣಿಗೆ ಪೊರೆ ಬಂದ ಮೇಲೆ ಕೆಲಸವೆಲ್ಲ ನನ್ನದು. ನಳಿಗೆಯ ಬಾಯಿಂದ ಮದ್ದು ಸುರಿದು, ಜಡಿದು, ಕೇಪಿನ ಕಿಡಿಯಿಂದ ಒಂದು ಸಲಕ್ಕೆ ಒಂದೇ ಗುಂಡು ಹೊಡೆಯುವ ಕೋವಿಗಳು ಅವು. ಹೊಡೆದ ದಿನವೇ ಕುದಿಯುವ ನೀರು ಹೊಯ್ದು ನಳಿಗೆ ತೊಳೆಯಬೇಕು, ಎಣ್ಣೆ ಹಚ್ಚಬೇಕು. ಇಲ್ಲದಿದ್ದರೆ ಮದ್ದಿನ ಮಸಿ ಕಬ್ಬಿಣವನ್ನೇ ತಿಂದುಹಾಕುತ್ತದೆ.

ಅವನ ಹೆಸರು ಧರ್ಮೇಂದ್ರ. ಕಟ್ಟೆಮಳಲವಾಡಿಯಲ್ಲಿ ಹೊಗೆಸೊಪ್ಪು ಬೆಳೆಯುವವನು. ಕೋವಿ ಅವನ ಅಪ್ಪ ದೊಡ್ಡಬೀರಯ್ಯನದು.

"ಅಪ್ಪ ತೀರ್ಕಂಡಾಗ ಠಾಣೆಗೆ ಒಪ್ಪಿಸಿದ್ದು ಕಣ್ರೀ. ಲೈಸೆನ್ಸು ನನ್ನ ಎಸ್ರಿಗೆ ಆಗೋಕೆ ಒಂಬತ್ತು ವರ್ಸ ಇಡೀತು. ಈಗ ಮತ್ತೆ ಒಡೆಯೋಕೆ ಶುರು ಮಾಡ್ಬೇಕು. ಸೆಪ್ಟೆಂಬರಲ್ಲಿ ಕೈಲ್ ಮುಹೂರ್ತದ ಕೋವಿ ಅಬ್ಬಕ್ಕೆ ಕೊಪ್ಪದಲ್ಲಿ ತೆಂಗಿನಕಾಯಿಗೆ ಗುಂಡು ಒಡೆಯೋ ಪಂದ್ಯ ಅದಲ್ಲ, ಅದಕ್ಕೆ."

"ಕೊನೇ ಸಲ ಯಾರು ಒಡೆದಿದ್ದು?"

"ನಾನೇ. ಅವತ್ತೇ ಅಪ್ಪಂಗೆ ಎದೆನೋವು ಬಂತು. ತೊಳೆಯೋಕೆ ಎಲ್ಲಿ ಟೈಮಿತ್ತು?"

ಹಿಂದಿನ ತಿರುಪು ಬಿಚ್ಚಿ ನಳಿಗೆಯನ್ನು ಬಿಸಿಲಿಗೆ ಹಿಡಿದೆ. ಒಳಗೆಲ್ಲ ಸಿಡುಬಿನ ಕಲೆಯಂಥ ಗುಳಿಗಳು. ಒಂದು ಕಡೆಯಂತೂ ಕಬ್ಬಿಣ ರಟ್ಟಿನಷ್ಟು ತೆಳುವಾಗಿತ್ತು. ಇದಕ್ಕೆ ಮದ್ದು ಹಾಕಿದರೆ ಕೋವಿಯೇ ಸಿಡಿದು ಹೊಡೆದವನ ಮುಖ ಹೋಗುತ್ತಿತ್ತು. ಯಾರಿಂದಲೂ ರಿಪೇರಿಯಾಗುವ ಮಾತಲ್ಲ.

"ಸರಿಯಾಯ್ತದಾ?"

"ಆಯ್ತದೆ," ಎಂದೆ. "ಟೈಮ್ ಇಡೀತದೆ."

ಅಪ್ಪನ ಕೋವಿ ಹಾಳಾದದ್ದು ನಿಮ್ಮಿಂದಲೇ ಎಂದು ಹೇಳಲು ಬಾಯಿ ಬರಲಿಲ್ಲ. ಇದು ಅರ್ಧ ನಿಜ. ಉಳಿದರ್ಧ ಏನೆಂದರೆ, ಆಗುವುದಿಲ್ಲ ಅಂದಿದ್ದರೆ ಅವನು ಕೋವಿಯನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಹೊರಟುಬಿಡುತ್ತಿದ್ದ.

ಆಮೇಲೆ ಸೋಮವಾರ ತಪ್ಪದೆ ಬಂದ. ಕೋವಿಯ ಹಿಂಬದಿಯ ಮರದ ಹಿಡಿಗೂ ಹುಳ ಹಿಡಿದಿತ್ತು. ಬೀಟೆಯಲ್ಲಿ ಹೊಸದು ಕೆತ್ತುತ್ತೇನೆಂದು ಅವನ ತೋಳಿನ ಅಳತೆಗೆ ಟೇಪು ಹಿಡಿದೆ.

"ಟೈಲರ್ ಅಂಗಡಿಗೆ ಬಂದಂಗಾಯ್ತು."

"ಅಲ್ಲಾಡ್ಬೇಡಿ."

"ಉಸ್ರಾಡ್ಬೋದಾ?"

"ನಿಧಾನಕ್ಕೆ."

ಅಳತೆ ಒಂದೇ ಸಲಕ್ಕೆ ಸಿಕ್ಕಿತ್ತು. ನಾನು ಮೂರು ಸಲ ತೆಗೆದೆ. ಮೂರನೇ ಸಲ ಅವನು ಟೇಪನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದ. ನಾನು ನಂಬರು ಮರೆತೆ.

ಇನ್ನೊಂದು ಸೋಮವಾರ ತೊಗರಿ ಕಡ್ಡಿ ಸುಟ್ಟ ಇದ್ದಿಲು ತಂದು ತೋರಿಸಿದ. ಮದ್ದಿಗೆ ಅದೇ ಒಳ್ಳೆಯದು ಅಂತ ಅವನಪ್ಪ ಹೇಳುತ್ತಿದ್ದನಂತೆ. ಮೂಗಿನ ಮೇಲೆಲ್ಲ ಮಸಿ. ನಾನು ಹೇಳದೆ ಹಾಗೆಯೇ ಊರಿಗೆ ಕಳಿಸಿದೆ. ಮುಂದಿನ ವಾರ ಬಂದು, "ಎಂಥಾ ಎಂಗ್ಸು ಕಣ್ರೀ ನೀವು!" ಎಂದು ಜಗಳ ತೆಗೆದ. ನನ್ನ ಬದುಕಿನಲ್ಲಿ ಅಷ್ಟು ಸುಖವಾದ ಜಗಳ ಮತ್ತೊಂದಿಲ್ಲ.

ಸೆಪ್ಟೆಂಬರ್ ಬಂತು. ಇನ್ನೂ ಆಗಿಲ್ಲ ಅಂದೆ. ಅವನ ಮುಖ ಸಪ್ಪಗಾಯಿತು. "ದಸರಾಗೆ ಇನ್ನೊಂದು ಪಂದ್ಯ ಅದೆ ಬುಡಿ," ಎಂದು ಹೋದ.

ದಸರೆಗೆ ಎರಡು ದಿನ ಮುಂಚೆ ಬಂದವನು ಹೊಸ ಮರದ ಕೋವಿಯನ್ನು ಎತ್ತಿ ಭುಜಕ್ಕೆ ಇಟ್ಟುಕೊಂಡ. ಹೊಲಿಸಿದ ಹಾಗೆ ಕೂತಿತು. ಖುಷಿಯಲ್ಲಿ ಜೇಬಿನಿಂದ ಮದ್ದಿನ ಡಬ್ಬಿ ತೆಗೆದ.

"ಇತ್ಲಲ್ಲಿ ಒಂದ್ ಗುಂಡು ಒಡೆದು ನೋಡ್ತೀನಿ."

ನಾನು ನಳಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. "ಬ್ಯಾಡಿ. ಸಿಡೀತದೆ."

ತಿರುಪು ಬಿಚ್ಚಿ ಅವನ ಕೈಗೆ ಕೊಟ್ಟೆ. ಅವನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಯಾವಾಗ ಗೊತ್ತಾಯ್ತು?"

"ಮೊದಲ್ನೇ ದಿನ."

"ಮತ್ಯಾಕ್ ಏಳ್ಲಿಲ್ಲ?"

"ಏಳಿದ್ರೆ ನೀವು ಎರಡ್ನೇ ದಿನ ಬತ್ತಿರ್ಲಿಲ್ಲ."

ಅವನು ಹೊಸ್ತಿಲ ಮೇಲೆ ಕುಸಿದು ಕೂತ. ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಅಪ್ಪನ ಕೋವೀಲಿ ಒಂದ್ ಗುಂಡು ಒಡೆಯೋಗಂಟ ಮದ್ವೆ ಮಾತೇ ಬ್ಯಾಡ ಅಂತ ಅವ್ವಂಗೆ ಏಳಿದ್ದೆ," ಎಂದ. "ಕೊಪ್ಪದಲ್ಲಿ ಕಾಯಿ ಒಡೆದು, ಸೀದಾ ಇಲ್ಲಿಗೆ ಬಂದು ನಿಮ್ಮಪ್ಪನ್ನ ಕೇಳ್ಬೇಕು ಅಂತಿದ್ದೆ. ನೀವು ಇನ್ನೂ ಆಗಿಲ್ಲ ಅಂದ್ರಿ. ನನ್ನ ಕೆಲ್ಸ ಅಂದ್ರೆ ಇವ್ರಿಗೆ ಇಷ್ಟೇಯ ಅನ್ಕಂಡೆ. ಅವ್ವ ತೋರ್ಸಿದ ಉಡುಗೀಗೆ ಊಂ ಅಂದೆ. ಓದ ಭಾನುವಾರ ಕೆ.ಆರ್. ನಗರದಲ್ಲಿ ಎಲೆ-ಅಡಿಕೆ ಬದಲಾಯಿಸ್ಕಂಡ್ರು."

ಬಿಟ್ಟುಬಿಡಿ ಆ ಸಂಬಂಧಾನ ಎಂದು ಹೇಳಲು ಬಾಯಿ ತೆರೆದೆ. ಬಂದದ್ದು ಬೇರೆ ಮಾತು.

"ಉಡುಗಿ ಎಸ್ರೇನು?"

"ಕಾವ್ಯಶ್ರೀ."

ಕೇಳಬಾರದಿತ್ತು. ಹೆಸರು ಗೊತ್ತಾದ ಮೇಲೆ ಅವಳ ಕೈಯಿಂದ ಕಿತ್ತುಕೊಳ್ಳಲು ನನ್ನಿಂದ ಆಗಲಿಲ್ಲ.

ಕೋವಿಯನ್ನು ಹಾಗೇ ಕಳಿಸುವಂತಿರಲಿಲ್ಲ. ಮುಂದೆ ಯಾರಾದರೂ ಮದ್ದು ತುಂಬಿಬಿಟ್ಟರೆ? ಕಿಡಿ ಹಾಯುವ ತೂತಿಗೆ ಹಿತ್ತಾಳೆಯ ಮೊಳೆ ಇಟ್ಟೆ. ಅವನು ನಳಿಗೆಯನ್ನು ಅಲ್ಲಾಡದಂತೆ ಹಿಡಿದ. ನಾನು ಸುತ್ತಿಗೆಯಿಂದ ಬಡಿದೆ. ನಾಲ್ಕು ತಿಂಗಳಲ್ಲಿ ನಾವಿಬ್ಬರೂ ಸೇರಿ ಮಾಡಿ ಮುಗಿಸಿದ ಕೆಲಸ ಅದೊಂದೇ. ಕೊನೆಯ ಏಟಿಗೆ ನನ್ನ ಕಣ್ಣು ಮಂಜಾಗಿ ಸುತ್ತಿಗೆ ಅವನ ಬೆರಳಿಗೆ ತಾಗಿತು. ಅವನು ಕೈ ತೆಗೆಯಲಿಲ್ಲ.

ಗೋಣಿಚೀಲ ಸುತ್ತಿ ಕೋವಿಯನ್ನು ಬೈಕಿಗೆ ಕಟ್ಟಿದ. ಕಿಕ್ ಹೊಡೆಯುವ ಮೊದಲು ತಿರುಗಿ ನೋಡಿದ.

"ಅವತ್ತೇ ನಿಜ ಏಳಿದ್ರೆ ಅತ್ತುಬುಡ್ತಿದ್ದೆ ಕಣ್ರೀ," ಎಂದ. "ಆದ್ರೆ ಮಾರನೇ ದಿನಾನೂ ಬತ್ತಿದ್ದೆ."

ಬೈಕು ಅವನೂರಿನ ರಸ್ತೆಗೆ ತಿರುಗಿತು. ನಾನು ಕರೆಯಲಿಲ್ಲ.