ಎರಡು ಕ್ಯಾಮೆರಾ, ಎರಡು ಮಾರು ಸೇವಂತಿಗೆ

ಬೀರುವಿನ ಬಾಗಿಲು ಸೊಟ್ಟಗೆ ತೆರೆದು ನಿಂತಿತ್ತು. ಬೀಗದ ಜಾಗವನ್ನು ಯಾರೋ ಮೀಟಿ ಕಿತ್ತಿದ್ದರು. ಸೀರೆಗಳೆಲ್ಲ ನೆಲದ ಮೇಲೆ. ಸೀರೆಗಳ ಅಡಿಯಲ್ಲಿರುತ್ತಿದ್ದ ಸ್ಟೀಲ್ ಡಬ್ಬಿ ಮಂಚದ ಮೇಲೆ ಮಗುಚಿ ಬಿದ್ದಿತ್ತು. ಎರಡೆಳೆ ಅವಲಕ್ಕಿ ಸರ, ನಾಲ್ಕು ಬಳೆ, ಒಂದು ಜೊತೆ ಜುಮುಕಿ ಅದರಲ್ಲಿದ್ದವು. ಈಗ ಡಬ್ಬಿ ಖಾಲಿ.

ಮೀನಾಕ್ಷಮ್ಮ ಹೊಸ್ತಿಲ ಮೇಲೆ ಕುಳಿತರು. ಗಂಡ ಶಿವಣ್ಣ, ಮಂಡ್ಯದ ಕೃಷಿ ಕೇಂದ್ರ ವಿ.ಸಿ. ಫಾರಂನ ನೌಕರ, ಆಗಷ್ಟೇ ಅಂಗಳದಲ್ಲಿ ಬೈಕ್ ನಿಲ್ಲಿಸುತ್ತಿದ್ದ. ಬಸರಾಳಿನಲ್ಲಿದ್ದ ಚಿಕ್ಕಪ್ಪ ಮರಿಸಿದ್ದಯ್ಯ ತೀರಿಕೊಂಡು ಮೂರು ದಿನವಾಗಿತ್ತು. ಆವತ್ತು ಹಾಲು ತುಪ್ಪ. ಗಂಡ ಹೆಂಡತಿ ಬೆಳಗ್ಗೆ ಏಳಕ್ಕೆ ನಿಡಘಟ್ಟ ಬಿಟ್ಟವರು, ಕಾರ್ಯ ಮುಗಿಸಿ ಮನೆಗೆ ಬರುವಾಗ ಸಂಜೆ ನಾಲ್ಕಾಗಿತ್ತು.

ಅರ್ಧ ಗಂಟೆಯಲ್ಲಿ ಎಸ್.ಐ. ಚಲುವರಾಜು ಬಂದರು. ಆಯುಧ ಪೂಜೆಯ ದಿನ. ಅವರ ಜೀಪಿನ ಮೂತಿಗೂ ಬಾಳೆಕಂದು ಕಟ್ಟಿತ್ತು, ಚಕ್ರದಲ್ಲಿ ನಿಂಬೆಹಣ್ಣು ಅಪ್ಪಚ್ಚಿಯಾದ ಗುರುತಿತ್ತು. ಮುಂಬಾಗಿಲ ಬೀಗ ಹಾಕಿದ ಹಾಗೇ ಇತ್ತಂತೆ. ಹಿಂಬಾಗಿಲ ಬೀಗ ತೆರೆದಿತ್ತು, ಅದರ ಕೀ ಅದರಲ್ಲೇ ಇತ್ತು.

ಕೀ ಎಲ್ಲಿಡುತ್ತೀರಿ ಎಂದು ಎಸ್.ಐ. ಕೇಳಿದರು.

"ಕೊಟ್ಟಿಗೆ ಗೂಟಕ್ಕೆ ನೇತಾಕಿರ್ತೀವಿ ಸಾ. ಮನೇರಿಗೆ ಗೊತ್ತು," ಎಂದ ಶಿವಣ್ಣ. "ಆಮೇಲೆ ಮಲ್ಲಿಗಮ್ಮಂಗೆ ಗೊತ್ತು."

ಮಲ್ಲಿಗಮ್ಮ ಆ ಮನೆಯ ಕಸ ಗುಡಿಸಿ, ಹಸುವಿಗೆ ಹುಲ್ಲು ಹಾಕಿಕೊಂಡು ಹನ್ನೆರಡು ವರ್ಷ ಸವೆಸಿದ ಹೆಂಗಸು. ಒಂದು ಪಾವು ರಾಗಿ ಆಚೆ ಈಚೆ ಮಾಡಿದವಳಲ್ಲ. ಕಷ್ಟ ಬಂದಾಗ ಮನುಷ್ಯನಿಗೆ ಮೊದಲು ನೆನಪಾಗುವುದು ತನಗಿಂತ ಬಡವರ ಹೆಸರು ನೋಡಿ. ಶಿವಣ್ಣನೂ ಮನುಷ್ಯನೇ.

*

ಅಮೃತಳ ಸಿ.ಸಿ. ಕ್ಯಾಮೆರಾ ಅಂಗಡಿ ಮದ್ದೂರಿನಲ್ಲಿ. ಮಲ್ಲಿಗಮ್ಮನ ಒಬ್ಬಳೇ ಮಗಳು. ಐ.ಟಿ.ಐ. ಓದಿ, ಎರಡು ವರ್ಷ ಬೇರೆಯವರ ಏಣಿ ಹೊತ್ತು, ಈಗ ಆರು ತಿಂಗಳಿಂದ ಸ್ವಂತ ಬೋರ್ಡು ತಗುಲಿಸಿದ್ದಳು. ಆವತ್ತು ಡ್ರಿಲ್ ಮಷೀನಿಗೆ, ಏಣಿಗೆ, ಸ್ಕೂಟರಿಗೆ ಪೂಜೆ ಮಾಡಿ ಕಡಲೆಪುರಿ ಹಂಚುತ್ತಿದ್ದಾಗ ಫೋನ್ ಬಂತು. ನಿಡಘಟ್ಟದಲ್ಲಿ ಕಳ್ಳತನವಾಗಿದೆ, ನಿಮ್ಮವ್ವನನ್ನು ಪೊಲೀಸರು ಕೂರಿಸಿಕೊಂಡಿದ್ದಾರೆ, ಬೇಗ ಬಾ ಎಂದು ಮೀನಾಕ್ಷಮ್ಮನೇ ಹೇಳಿದರು.

ಸ್ಕೂಟರಿಗೆ ಕಟ್ಟಿದ್ದ ಹಾರ ದಾರಿಯುದ್ದಕ್ಕೂ ಉದುರಿತು. ಅದರ ಕಡೆ ಅವಳಿಗೆ ಲಕ್ಷ್ಯವಿಲ್ಲ. ಆ ಮನೆ ಅವಳ ಮೊದಲ ದೊಡ್ಡ ಕೆಲಸ. ಮೂರು ವಾರದ ಹಿಂದೆ ಪಕ್ಕದ ಬೀದಿಯಲ್ಲಿ ಮೇಕೆ ಕಳುವಾದ ಮೇಲೆ ಶಿವಣ್ಣನಿಗೆ ಕ್ಯಾಮೆರಾ ಹುಚ್ಚು ಹಿಡಿದಿತ್ತು. ಮಂಡ್ಯದ ಅಂಗಡಿಯೊಂದರ ಸ್ವರೂಪ್ ಎಂಬಾತ ಮೊದಲು ಬಂದು ನೋಡಿ ಹೋಗಿದ್ದ. ಎಂಟು ಕ್ಯಾಮೆರಾ, ಟಿ.ವಿ. ಪಕ್ಕ ರೆಕಾರ್ಡಿಂಗ್ ಡಬ್ಬಿ, ನಲವತ್ತೆರಡು ಸಾವಿರ ಎಂದು ಬರೆದುಕೊಟ್ಟಿದ್ದ. ಮಾರನೆಯ ದಿನ ಅಮೃತ ಹೋದಳು. ಒಳಗೆ ಕಾಲಿಡದೆ ಮನೆಯ ಸುತ್ತ ಎರಡು ಸುತ್ತು ಹಾಕಿದಳು.

ಮನೆಗಿರುವುದು ಎರಡು ಬಾಗಿಲು, ಒಳಗೆ ಹೋಗುವವನು ಅದರಲ್ಲೇ ಹೋಗಬೇಕು, ಎರಡು ಕ್ಯಾಮೆರಾ ಸಾಕು ಎಂದಳು. ಉಳಿದ ದುಡ್ಡಿನಲ್ಲಿ ಸ್ವಲ್ಪವನ್ನು ರೆಕಾರ್ಡ್ ಮಾಡುವ ಡಬ್ಬಿಗೆ ಹಾಕಿ ಅಂದಳು. ಹಗಲು ರಾತ್ರಿ ಓಡುವ ಗಟ್ಟಿ ಹಾರ್ಡ್ ಡಿಸ್ಕ್ ಇರಬೇಕು, ಹಳೇ ಕಂಪ್ಯೂಟರಿನದು ಹಾಕಿದರೆ ಬೇಸಿಗೆಗೆ ಕೈಕೊಡುತ್ತೆ. ಕರೆಂಟು ಹೋದರೆ ಅದಕ್ಕೊಂದು ಸಣ್ಣ ಬ್ಯಾಟರಿ ಬೇಕು. ಎಲ್ಲಕ್ಕಿಂತ ಮುಖ್ಯ, ಡಬ್ಬಿ ಬಂದವರ ಕಣ್ಣಿಗೆ ಬೀಳಬಾರದು. ಕೊನೆಗೆ ಅದನ್ನು ಅಡಿಗೆಮನೆಯ ಅಟ್ಟದಲ್ಲಿ, ರಾಗಿ ಡ್ರಮ್ಮಿನ ಹಿಂದೆ ಕೂರಿಸಿದಳು. ಎಲ್ಲ ಸೇರಿ ಹದಿನಾಲ್ಕು ಸಾವಿರ.

ಅದೇ ಮನೆ ಈಗ ಕಳುವಾಗಿತ್ತು. ಅನುಮಾನಕ್ಕೆ ಸಿಕ್ಕಿಬಿದ್ದದ್ದು ಅವಳ ಅವ್ವ.

*

ಮಲ್ಲಿಗಮ್ಮ ಜಗಲಿಯ ತುದಿಯಲ್ಲಿ ಕುಳಿತಿದ್ದಳು. ಸೆರಗು ಬಿಗಿಯಾಗಿ ಹೊದ್ದಿದ್ದಳು. ಬೀದಿಯ ಅರ್ಧ ಜನ ಗೇಟಿನಾಚೆ ನಿಂತು ನೋಡುತ್ತಿದ್ದರು.

ಎಸ್.ಐ. ಟಿ.ವಿ.ಗೆ ಡಬ್ಬಿಯ ವೈರು ಸಿಕ್ಕಿಸಿ ಅಮೃತಳಿಂದಲೇ ರೆಕಾರ್ಡಿಂಗ್ ಹಾಕಿಸಿದರು. ಬೆಳಗ್ಗೆ ಎಂಟು ಹತ್ತಕ್ಕೆ ಮಲ್ಲಿಗಮ್ಮ ಬಂದಳು. ಎಂಟು ಐವತ್ತಕ್ಕೆ ಹೋದಳು. ಆಮೇಲೆ ಹಸು ಒಂದೇ. ಹನ್ನೊಂದು ಮೂವತ್ತೈದಕ್ಕೆ ಮೇಲಿನಿಂದ ಕೈಗವಸು ಹಾಕಿದ ಒಂದು ಕೈ ಬಂತು. ಪರದೆ ತುಂಬ ಹಳದಿ ಸೇವಂತಿಗೆ. ಎರಡು ನಿಮಿಷದಲ್ಲಿ ಹಿಂದಿನ ಕ್ಯಾಮೆರಾದ ಗತಿಯೂ ಅಷ್ಟೇ. ಅಲ್ಲಿಂದ ಸಂಜೆವರೆಗೆ ಬರೀ ಹೂವು.

"ಹದಿನಾಲ್ಕು ಸಾವಿರ ಕೊಟ್ಟು ಹೂವಿನ ಸಿನಿಮಾ ತಗೊಂಡಂಗಾಯ್ತು," ಎಂದು ಶಿವಣ್ಣ ಗೊಣಗಿದ. ಅಮೃತಳ ಕಿವಿ ಬಿಸಿಯಾಯಿತು.

ಎಸ್.ಐ. ನೇರ ಮನುಷ್ಯ. ಸುತ್ತಿ ಬಳಸಿ ಮಾತಾಡಲಿಲ್ಲ. "ನೋಡಮ್ಮ. ಕ್ಯಾಮೆರಾ ಎಲ್ಲಿಂದ ಕಾಣಲ್ಲ ಅನ್ನೋದು ಹಾಕಿದವಳಿಗೆ ಗೊತ್ತು. ಕೀ ಎಲ್ಲಿದೆ ಅನ್ನೋದು ನಿಮ್ಮವ್ವನಿಗೆ ಗೊತ್ತು. ನಾನು ಏನು ಅಂದ್ಕೋಬೇಕು, ನೀನೇ ಹೇಳು."

ಮಲ್ಲಿಗಮ್ಮ ಎದ್ದು ನಿಂತಳು. ಅಲ್ಲಿಯವರೆಗೆ ತನ್ನ ಪರವಾಗಿ ತುಟಿ ಬಿಚ್ಚದವಳು.

"ನನ್ ಬೇಕಾರೆ ಕರ್ಕೊಂಡೋಗಿ ಸಾ. ನನ್ ಮಗಳ ಎಸ್ರು ಮಾತ್ರ ಎತ್ತಬ್ಯಾಡಿ. ಅವ್ಳು ಏಣಿ ಅತ್ತಿ ದುಡ್ದು ಸಂಪಾದ್ಸಿರೋ ಎಸ್ರು ಅದು."

ಅಮೃತ ಅವ್ವನ ಕೈ ಹಿಡಿದು ಕೂರಿಸಿದಳು. ಅಳುವುದಕ್ಕೆ ಅದು ಹೊತ್ತಲ್ಲ. ಹೊರಗೆ ಹೋಗಿ, ಕೊಟ್ಟಿಗೆಯ ಏಣಿ ಇಟ್ಟು, ಕ್ಯಾಮೆರಾದ ಹತ್ತಿರ ಮುಖ ತಂದು ನೋಡಿದಳು. ಒಂದು ಮಾರು ಸೇವಂತಿಗೆ. ಕ್ಯಾಮೆರಾದ ನೆತ್ತಿಗೆ ಮೂರು ಬೆರಳು ವಿಭೂತಿ, ನಡುವೆ ಕುಂಕುಮ. ಯಾರೇ ನೋಡಿದರೂ ಹಬ್ಬದ ಪೂಜೆ ಅನ್ನಬೇಕು, ಹಾಗಿತ್ತು. ಶಿವಣ್ಣ ದಂಪತಿ ಗಾಬರಿಯಲ್ಲಿ ತಲೆ ಎತ್ತಿ ನೋಡಿರಲಿಲ್ಲ. ಪೊಲೀಸರು ಮನೆಯವರ ಪೂಜೆಯ ಹೂವನ್ನೇ ಕಳ್ಳ ಲೆನ್ಸಿನ ಮೇಲೆ ಎಳೆದಿದ್ದಾನೆ ಅಂದುಕೊಂಡಿದ್ದರು.

ಹಾರದ ತುದಿ ದಾರದಲ್ಲಿ ಕಟ್ಟಿರಲಿಲ್ಲ. ಬಾಳೆನಾರಿನಲ್ಲೂ ಅಲ್ಲ. ಕಪ್ಪು ಪ್ಲಾಸ್ಟಿಕ್ಕಿನ ಟೈ. ವೈರುಗಳ ಕಟ್ಟಿಗೆ ಹಾಕಿ ಎಳೆದರೆ ಬಿಗಿಯುತ್ತದಲ್ಲ, ಅದು. ಉಳಿದ ಬಾಲವನ್ನು ಬುಡಕ್ಕೆ ಸರಿಯಾಗಿ ಕತ್ತರಿಸಿದ್ದರು.

ಅಮೃತ ಏಣಿಯ ಮೇಲಿಂದಲೇ ಅಂಗಳ ನೋಡಿದಳು. ಬಾಗಿಲ ಮುಂದೆ ಸಾರಿಸಿದ ನೆಲ ಬರಿದಾಗಿತ್ತು. ಒಂದು ಎಳೆ ರಂಗೋಲಿಯೂ ಇಲ್ಲ. ಅವಳಿಗೆ ಅರ್ಧ ಲೆಕ್ಕ ಅಲ್ಲೇ ಬಗೆಹರಿಯಿತು.

"ಸರ್, ಇದು ಕ್ಯಾಮೆರಾ ಕೆಲಸದವರ ಕೈ," ಎಂದು ಟೈ ತೋರಿಸಿದಳು.

ಎಸ್.ಐ. ಹುಬ್ಬೇರಿಸಿದರು. "ನಿನ್ನ ಮೇಲೆ ನೀನೇ ಹೇಳ್ಕೊತಿದ್ದೀಯಲ್ಲಮ್ಮ."

"ಇರೋದನ್ನ ಮುಚ್ಚಿಟ್ರೆ ನಾನು ಕ್ಯಾಮೆರಾ ಮಾರಿ ಏನು ಪ್ರಯೋಜನ ಸರ್?"

ಒಳಗೆ ಬಂದು ಮೀನಾಕ್ಷಮ್ಮನನ್ನು ಇನ್ನೇನಾದರೂ ಹೋಗಿದೆಯೇ ಎಂದು ಕೇಳಿದಳು. ಟಿ.ವಿ. ಪಕ್ಕದಲ್ಲಿದ್ದ ಕೇಬಲ್ ಡಬ್ಬಿಯನ್ನೂ ಪುಣ್ಯಾತ್ಮ ಬಿಟ್ಟಿಲ್ಲ ಎಂದರು ಅವರು. ಮುನ್ನೂರು ರೂಪಾಯಿಗೂ ಬಾಳದ ಡಬ್ಬಿ. ಆಮೇಲೆ ಶಿವಣ್ಣನ ಫೋನ್ ಈಸಿಕೊಂಡು ಆವತ್ತು ಬಂದ ಕರೆಗಳನ್ನು ನೋಡಿದಳು. ಬೆರಳು ಒಂದು ಹೆಸರಿನ ಮೇಲೆ ನಿಂತಿತು. ಎಸ್.ಐ.ಯನ್ನು ಕೊಟ್ಟಿಗೆಯ ಹತ್ತಿರ ಕರೆದು ಐದು ನಿಮಿಷ ಮಾತಾಡಿದಳು. ಅವರು ಟೋಪಿ ತೆಗೆದು ತಲೆ ಕೆರೆದುಕೊಂಡರು.

"ನಾಳೆ ಮಧ್ಯಾಹ್ನದ ತನಕ ಟೈಮ್ ಕೊಡ್ತೀನಿ. ನೀನು ಹೇಳಿದಂಗೆ ಆಗಲಿಲ್ಲ ಅಂದ್ರೆ ನಿಮ್ಮವ್ವನ್ನ ಸ್ಟೇಷನ್ನಿಗೆ ಕರೀಲೇಬೇಕಾಗುತ್ತೆ."

ಹಾರ ಎರಡನ್ನೂ ಪೊಲೀಸರು ಕವರಿಗೆ ಹಾಕಿಕೊಂಡರು. ಅಮೃತ ಕ್ಯಾಮೆರಾ ಎರಡನ್ನೂ ಒರೆಸಿ ಫಳಫಳ ಮಾಡಿದಳು. ವಿಭೂತಿಯ ಗುರುತೂ ಉಳಿಯಲಿಲ್ಲ.

*

ವಿಜಯದಶಮಿಯ ಬೆಳಗ್ಗೆ ಹತ್ತೂವರೆಗೆ ಮಂಡ್ಯದಿಂದ ಬಿಳೀ ವ್ಯಾನು ಬಂತು. ಶಿವಣ್ಣ ಫೋನ್ ಮಾಡಿದ್ದ. ನಮ್ಮನೆ ಕಳ್ಳತನವಾಯ್ತು, ಈ ಹುಡುಗಿಯ ಕ್ಯಾಮೆರಾದಲ್ಲಿ ಏನೂ ಕಾಣಲಿಲ್ಲ, ನಿಮ್ಮ ಎಂಟನ್ನೇ ಹಾಕಿಬಿಡಿ ಎಂದಿದ್ದ. ಅದಕ್ಕಿಂತ ಒಂದು ಮಾತು ಹೆಚ್ಚು ಹೇಳಬಾರದು ಎಂದು ಅಮೃತ ಆಣೆ ಹಾಕಿಸಿದ್ದಳು.

ಸ್ವರೂಪ್ ಇಸ್ತ್ರಿ ಮಾಡಿದ ಶರ್ಟಿನಲ್ಲಿ ಇಳಿದ. ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದ ಅಮೃತಳನ್ನು ನೋಡಿ ಒಳಗೊಳಗೇ ನಕ್ಕ. ಗಿರಾಕಿಯ ಮುಂದೆ ಎದುರಾಳಿಯನ್ನು ತುಳಿಯುವ ಅವಕಾಶ ದಿನವೂ ಸಿಗುವುದಿಲ್ಲ. ನಾಲಿಗೆ ಸಡಿಲವಾಯಿತು.

"ಅಣ್ಣಾ, ನಾನು ಅವತ್ತೇ ಹೇಳಿದ್ದೆ. ಎರಡೇ ಎರಡು ಕ್ಯಾಮೆರಾ, ಅದಕ್ಕೂ ಪೂಜೆ ಮಾಡಿ ಹೂವ ಲೆನ್ಸಿನ ಮೇಲೇ ಇಳಿಬಿಟ್ರೆ ಏನು ಕಾಣುತ್ತೆ? ಹಾಕಿಕೊಟ್ಟವರು ಅಷ್ಟಾದ್ರೂ ಹೇಳ್ಕೊಡಬೇಕಲ್ವಾ? ಈಗ ರೆಕಾರ್ಡಿಂಗ್ ಬಾಕ್ಸೂ ಹೋಯ್ತು. ಇನ್ನು ಸಾಕ್ಷಿ ಎಲ್ಲಿಂದ ತರ್ತೀರ?"

ಮೀನಾಕ್ಷಮ್ಮ ನಿಧಾನವಾಗಿ ಎದ್ದರು.

"ಯಾವ ಪೂಜೆ ಕಣಪ್ಪ?" ಎಂದರು. "ನಮ್ ಚಿಕ್ಕಮಾವ ತೀರ್ಕೊಂಡವ್ರೆ. ನಮ್ಗೆ ಸೂತಕ. ಈ ಸಲ ನಮ್ಮನೇಲಿ ಕುಡ್ಲಿಗೂ ಕುಂಕುಮ ಇಟ್ಟಿಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸ್ವರೂಪ್ ಯಾರೂ ಕಳ್ಳ ಎನ್ನುವ ಮೊದಲೇ ಮುಟ್ಟಿಕೊಂಡಿದ್ದ.

ಅಮೃತ ಅಡಿಗೆಮನೆಗೆ ಹೋದಳು. ಅಟ್ಟದಿಂದ ಡಬ್ಬಿ ಇಳಿಸಿ ತಂದು ಅವನ ಮುಂದಿಟ್ಟಳು. ಅದರ ಹಸಿರು ದೀಪ ಬ್ಯಾಟರಿಯ ಮೇಲೆ ಇನ್ನೂ ಉರಿಯುತ್ತಿತ್ತು.

"ನನ್ನ ಬಾಕ್ಸ್ ಎಲ್ಲೂ ಹೋಗಿಲ್ಲ. ನೀವು ಹೊತ್ಕೊಂಡು ಹೋಗಿದ್ದು ಕೇಬಲ್‌ನೋರ ಡಬ್ಬಿ."

ಅವನು ಬಾಗಿಲ ಕಡೆ ತಿರುಗಿದ. ಬಾಗಿಲಲ್ಲಿ ಚಲುವರಾಜು ನಿಂತಿದ್ದರು.

*

ಕೇಬಲ್ ಡಬ್ಬಿ ವ್ಯಾನಿನ ಸೀಟಿನ ಕೆಳಗೇ ಸಿಕ್ಕಿತು. ಒಡವೆ ಅವನ ಅಂಗಡಿಯಲ್ಲಿ, ಹೊಸ ಕ್ಯಾಮೆರಾದ ರಟ್ಟಿನ ಪೆಟ್ಟಿಗೆಯೊಳಗೆ. ಮಧ್ಯಾಹ್ನ ಮೂರಕ್ಕೆ ಎಸ್.ಐ. ನಿಡಘಟ್ಟಕ್ಕೆ ಮರಳಿದಾಗ ಬೀದಿಯ ಜನರೆಲ್ಲ ಅದೇ ಗೇಟಿನ ಮುಂದಿದ್ದರು. ನಿನ್ನೆ ನೋಡಿದವರು ಇವತ್ತು ಕೇಳಿಸಿಕೊಳ್ಳಲಿ ಎಂದೋ ಏನೋ, ಅವರು ಅಮೃತಳನ್ನು ಅಂಗಳದಲ್ಲೇ ನಿಲ್ಲಿಸಿ, ಹೇಗೆ ಕಂಡುಹಿಡಿದೆ ಹೇಳಮ್ಮ ಎಂದರು.

ಅವಳು ಹೇಳಿದಳು. ಮೊದಲು ಕಂಡದ್ದು ಸೂತಕದ ಮನೆಯ ಮೇಲೆ ಪೂಜೆಯ ಹೂವು. ಮನೆಯವರು ಕಟ್ಟುವ ಹಾಗಿಲ್ಲ. ಅವ್ವನಿಗಂತೂ ಸೂತಕ ಗೊತ್ತು, ಮೂರು ದಿನದಿಂದ ಆ ಬಾಗಿಲಿಗೆ ರಂಗೋಲಿ ಹಾಕದೆ ಬರೀ ನೀರು ಹಾಕಿ ಹೋಗುತ್ತಿದ್ದವಳು ಅವಳೇ. ಬೀದಿಯವರಿಗೂ ಗೊತ್ತು. ಹಬ್ಬದ ದಿನ ಹಾರ ಹಾಕಿದರೆ ಯಾರೂ ಅನುಮಾನ ಪಡುವುದಿಲ್ಲ ಎಂದು ಲೆಕ್ಕ ಹಾಕಿದವನಿಗೆ ಸಾವಿನ ಸುದ್ದಿ ಗೊತ್ತಿರಲಿಲ್ಲ. ಅಂದರೆ ಊರಿನವನಲ್ಲ.

ಎರಡನೆಯದು ಕೇಬಲ್ ಡಬ್ಬಿ. ಟಿ.ವಿ. ಪಕ್ಕದ ಡಬ್ಬಿಯನ್ನು ರೆಕಾರ್ಡಿಂಗ್ ಡಬ್ಬಿ ಎಂದು ಕದ್ದವನು, ಅದು ಅಲ್ಲೇ ಇರಬೇಕು ಎಂದು ನಂಬಿದ್ದ. ಹಾಗೆ ಯೋಜನೆ ಬರೆದುಕೊಟ್ಟವನು ಒಬ್ಬನೇ. ಅವಳು ಅದನ್ನು ಅಟ್ಟಕ್ಕೆ ಏರಿಸಿದ್ದು ಅವನಿಗೆ ಗೊತ್ತಿಲ್ಲ. ಆದರೂ ಬೀರು ಇರುವ ಕೋಣೆ ಗೊತ್ತು, ಕೊಟ್ಟಿಗೆ ಗೂಟದ ಕೀ ಗೊತ್ತು. ಹಿಂಬಾಗಿಲು ತೋರಿಸುವಾಗ ಮೀನಾಕ್ಷಮ್ಮ ಅವನ ಎದುರಿಗೇ ಆ ಕೀ ತೆಗೆದಿದ್ದರು. ಕ್ಯಾಮೆರಾ ಇಡಬೇಕು ಎಂದು ಬೀರು ಎಲ್ಲಿದೆ ಅಂತಲೂ ಕೇಳಿದ್ದ.

"ಕಳ್ಳಂಗೆ ಈ ಮನೆ ಗೊತ್ತು ಸರ್. ಆದ್ರೆ ಮೂರು ವಾರದ ಈಚಿನ ಮನೆ ಗೊತ್ತಿಲ್ಲ," ಎಂದಳು ಅಮೃತ. "ಟೈ ಕತ್ತರಿಸಿದ ರೀತಿ ನೋಡಿದ್ರೆ ನಮ್ಮ ಕಸುಬಿನೋನು. ಮೂರೂ ಕೂಡೋದು ಒಬ್ಬನ ಹತ್ರ ಮಾತ್ರ."

ಮನೆ ಖಾಲಿ ಎಂಬುದು ಅವನಿಗೆ ಹೇಗೆ ತಿಳಿಯಿತು? ಶಿವಣ್ಣನೇ ತಿಳಿಸಿದ್ದ. ಅಂದು ಬೆಳಗ್ಗೆ ಹತ್ತೂವರೆಗೆ ಸ್ವರೂಪ್ ಹಬ್ಬದ ಆಫರ್ ಇದೆ ಎಂದು ಫೋನ್ ಮಾಡಿದಾಗ, ಊರಲ್ಲಿಲ್ಲ, ಸಂಜೆ ಬತ್ತೀವಿ ಎಂದಿದ್ದ. ಯಾಕೆ ಎಂದು ಹೇಳಿರಲಿಲ್ಲ. ಹೇಳಿದ್ದರೆ ಹಾರ ಕಟ್ಟುತ್ತಿರಲಿಲ್ಲ, ಸಿಗುತ್ತಲೂ ಇರಲಿಲ್ಲ.

ಶಿವಣ್ಣ ನೆಲ ನೋಡುತ್ತಾ ಮಲ್ಲಿಗಮ್ಮನ ಮುಂದೆ ಬಂದು ನಿಂತ. "ತಪ್ಪಾಯ್ತು ಕಣವ್ವ. ನನ್ ಬಾಯಿಂದ ನಿನ್ನೆಸ್ರು ಬರಬಾರ್ದಿತ್ತು." ಆಮೇಲೆ ಅಮೃತಳ ಕಡೆ ತಿರುಗಿ, ಎಷ್ಟಾದರೂ ಆಗಲಿ, ಎಂಟು ಕ್ಯಾಮೆರಾ ನೀನೇ ಹಾಕಿಬಿಡು ಎಂದ.

"ಎರಡೇ ಸಾಕು ಅಣ್ಣ. ಮೊದ್ಲು ಆ ಗೂಟದಿಂದ ಕೀ ತೆಗೀರಿ," ಎಂದಳು ಅವಳು. ಜನ ಗೊಳ್ಳೆಂದು ನಕ್ಕರು. ಶಿವಣ್ಣನೂ ನಕ್ಕ.

ಪೇದೆಯೊಬ್ಬ ಜಗಲಿಯ ಮೇಲೆ ಕುಳಿತು ಮಲ್ಲಿಗಮ್ಮನ ಹೇಳಿಕೆ ಬರೆಯತೊಡಗಿದ. ರಂಗೋಲಿ ಹಾಕದ ವಿಷಯ, ಬಂದು ಹೋದ ಹೊತ್ತು, ಎಲ್ಲ ಬರೆದ. ಹೆಸರು ಕೇಳಿದ, ಹೇಳಿದಳು. ವಯಸ್ಸು ಕೇಳಿದ, ಅಂದಾಜು ಹೇಳಿದಳು. ಕಸುಬು ಎಂದ. ತಾನೇ ಮನೆಗೆಲಸ ಎಂದು ಬರೆಯಲು ಪೆನ್ನು ಊರಿದ.

ಮಲ್ಲಿಗಮ್ಮ ಸೆರಗು ಸರಿ ಮಾಡಿಕೊಂಡಳು. ನಿನ್ನೆ ತಲೆ ಬಗ್ಗಿಸಿ ಕುಳಿತಿದ್ದ ಅದೇ ಜಾಗದಲ್ಲಿ ಬೀದಿಗೆಲ್ಲ ಕೇಳುವ ಹಾಗೆ ಹೇಳಿದಳು.

"ಕ್ಯಾಮೆರಾ ಅಮೃತನ ಅವ್ವ ಅಂತ ಬರ್ಕಳಪ್ಪ."

ಪೇದೆ ತಲೆ ಎತ್ತಿ ಎಸ್.ಐ. ಮುಖ ನೋಡಿದ. ಹಾಗೇ ಬರಿ ಎಂದರು ಚಲುವರಾಜು.