ಮಾಗಿಯ ನೀರು

“ತಗೊಂಡು ನಡಿ! ನಿನ್ನ ಟ್ರಂಕು, ನಿನ್ನ ಸೀರಿ, ನಿಮ್ಮಪ್ಪ ಕೊಟ್ಟ ಎರಡು ಕೊಡಪಾನ... ಒಂದೂ ಬಿಡಬ್ಯಾಡ. ಎಲ್ಲಾ ಹೊತ್ಕೊಂಡು ನಿನ್ನ ತವರು ಮುಕ್ಕುಂದಕ್ಕ ನಡಿ!”

ಆದಮ್ಮ ಸೊಸೆಯ ತಗಡಿನ ಟ್ರಂಕನ್ನು ಪಡಸಾಲೆಯಿಂದ ದರದರನೆ ಎಳೆದು ತಂದು ಅಂಗಳಕ್ಕೆ ತಳ್ಳಿದಾಗ ಮುಚ್ಚಳ ಕಳಚಿ, ನಾಲ್ಕು ವರ್ಷದ ಸಂಸಾರವೆಲ್ಲ ಮಣ್ಣಿಗೆ ಚೆಲ್ಲಿತು. ಮದುವೆಯ ಇಳಕಲ್ ಸೀರೆ, ಬಳೆಯ ಡಬ್ಬಿ, ಹುಟ್ಟದ ಕೂಸಿಗೆಂದು ತವರಿನವ್ವ ಹೊಲಿದುಕೊಟ್ಟಿದ್ದ ಕುಂಚಿಗೆ... ರೊಟ್ಟಿ ಬಡಿಯುತ್ತಿದ್ದ ಗ್ಯಾನಮ್ಮ ಹಿಟ್ಟಿನ ಕೈಯಲ್ಲೇ ಎದ್ದು ಬಂದು ಹೊಸ್ತಿಲಲ್ಲಿ ನಿಂತಳು. ಅಳಲಿಲ್ಲ. ಮಾಡದ ತಪ್ಪಿಗೆ ಬೈಸಿಕೊಂಡವರು ಎದೆ ಬಡಿದುಕೊಂಡು ಅಳಬಹುದು. ಮಾಡಿದವಳು ಯಾವ ಬಾಯಿಂದ ಅಳಬೇಕು!

ಹೌದು, ಮಾವಿನ ತೋಟಕ್ಕೆ ನೀರು ಬಿಟ್ಟವಳು ಅವಳೇ. ಆದರೆ ಅದು ಆ ಮನೆಯಲ್ಲಿ ಅವಳನ್ನೂ ಮಾವ ಮುದುಕಪ್ಪನವರನ್ನೂ ಬಿಟ್ಟು ಮೂರನೆಯವರಿಗೆ ಗೊತ್ತಿರಲಿಲ್ಲ.

ಸಿಂಧನೂರಿನಿಂದ ಮಸ್ಕಿಗೆ ಹೋಗುವ ದಾರಿಯ ಬಾಗನೂರು ಎರಡಕ್ಕೆ ಹೆಸರಾದ ಊರು. ಒಂದು ಮಾವು, ಇನ್ನೊಂದು ಶಾಯರಿ. ನಿಜಾಮರ ಕಾಲದಲ್ಲಿ ಶಾಲೆಗೆ ಹೋದವರೆಲ್ಲ ಅಲ್ಲಿ ಉರ್ದು ಕಲಿತವರು. ಗೌಡರ ಮಗನೂ ಅಷ್ಟೆ, ಕುರುಬರ ಮಗನೂ ಅಷ್ಟೆ. ಮುದುಕಪ್ಪನವರು ತಹಸೀಲಿನಲ್ಲಿ ಮುನ್ಷಿಯಾಗಿದ್ದು ನಿವೃತ್ತರಾದವರು. ವಿಭೂತಿ ಹಚ್ಚಿಕೊಂಡು ಗಜಲು ಬರೆಯುವ ಮನುಷ್ಯ. ಗಿಡದ ವಿಷಯದಲ್ಲಿ ಅವರ ಮಾತೆಂದರೆ ಕಲ್ಲಿನ ಮೇಲಿನ ಬರಹ. ಯಾವ ಗಿಡಕ್ಕೆ ರೋಗ, ಯಾವಾಗ ಕಾಯಿ ಇಳಿಸಬೇಕು, ಹಣ್ಣಾಗಲು ಎಷ್ಟು ದಿನ ಹುಲ್ಲಿನಲ್ಲಿ ಅಡಿ ಹಾಕಬೇಕು ಎಂದು ಕೇಳಲು ಲಿಂಗಸುಗೂರಿನಿಂದಲೂ ಜನ ಬರುತ್ತಿದ್ದರು.

ಆ ಊರಲ್ಲಿ ಒಂದು ಪದ್ಧತಿಯಿತ್ತು. ಬೇಸಿಗೆಯಲ್ಲಿ ಮೊದಲ ಹಣ್ಣು ಇಳಿದ ಮೇಲೆ, ಪಾಳಿಯ ಪ್ರಕಾರ ಒಬ್ಬೊಬ್ಬರ ತೋಟದಲ್ಲಿ ಶಾಯರಿಯ ಮಜಲಿಸ್ ಸೇರುತ್ತಿತ್ತು. ಪದ್ಯ ಶುರುವಾಗುವ ಮೊದಲು ತೋಟದ ಯಜಮಾನ ಎದ್ದು ನಿಂತು ಗಿಡಗಳ ‘ಹಾಲ್’ ಹೇಳಬೇಕು. ಈ ವರ್ಷ ಏನಾಯಿತು, ಏಕಾಯಿತು, ಇದ್ದದ್ದು ಇದ್ದ ಹಾಗೆ. ಆಮೇಲೆ ಹಿರಿಯರೊಬ್ಬರು “ಸಚ್ ಹೈ”, ಅಂದರೆ ನಿಜ, ಎನ್ನಬೇಕು. ಆಗಲೇ ಮೊದಲ ಪದ್ಯ. ಮಾವಿನ ನೆರಳಲ್ಲಿ ಹಾಲ್ ಸುಳ್ಳು ಹೇಳಿದವನ ಗಿಡ ನಿಲ್ಲುವುದಿಲ್ಲವೆಂದು ಊರು ನಂಬಿತ್ತು. ಮುದುಕಪ್ಪನವರಂತೂ ದೇವರಿಗಿಂತ ಹೆಚ್ಚಾಗಿ ನಂಬಿದ್ದರು.

ಎಂಬತ್ತೈದರ ಡಿಸೆಂಬರಿನಲ್ಲಿ ಅವರು ಕಣ್ಣಿನ ಪೊರೆ ತೆಗೆಸಿಕೊಳ್ಳಲು ರಾಯಚೂರಿಗೆ ಹೋದರು. “ತ್ವಾಟದ ಕಡಿ ನಿಗಾ ಇರ್ಲವ್ವ” ಎಂದು ಸೊಸೆಗೆ ಹೇಳಿ ಬಸ್ಸು ಹತ್ತಿದ್ದರು. ಮಗ ಬಸ್ಸಪ್ಪನಿಗೆ ಮಸ್ಕಿಯ ಸಂತೆ, ಟ್ರ್ಯಾಕ್ಟರು ಬಾಡಿಗೆ ಎಂದು ಪುರುಸೊತ್ತಿರಲಿಲ್ಲ. ಮೂರನೆಯ ದಿನ ಗ್ಯಾನಮ್ಮ ತೋಟಕ್ಕೆ ಹೋದಾಗ ಕಂಡದ್ದೇನು? ನೆಲ ಬಾಯಿಬಿಟ್ಟಿತ್ತು. ಎಲೆಗಳು ಧೂಳು ಹೊತ್ತು ಜೋತುಬಿದ್ದಿದ್ದವು. ಹತ್ತು ಹೆಜ್ಜೆಯಾಚೆ ಕಾಲುವೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು. ಅವಳು ಮುಕ್ಕುಂದದ ಮಗಳು, ಭತ್ತದ ಗದ್ದೆಯ ಬದುವಿನಲ್ಲಿ ಬೆಳೆದವಳು. ಬಾಡಿದ್ದಕ್ಕೆ ನೀರು ಕೊಡುವುದೊಂದೇ ಅವಳ ತವರಿನವರು ಕಲಿಸಿದ ಧರ್ಮ. ಅಯ್ಯೋ, ಮಾವ ಊರಲ್ಲಿಲ್ಲವೆಂದು ಇವನ್ನು ಸಾಯಲು ಬಿಡಲೇ ಎಂದು ತೂಬಿನ ಹಲಗೆ ಎತ್ತಿಯೇಬಿಟ್ಟಳು. ಎರಡು ದಿನ ಪ್ರತಿ ಗಿಡದ ಬುಡಕ್ಕೂ ನೀರು ತಿರುವಿದಳು. ಮಕ್ಕಳಿಗೆ ನೀರು ಕುಡಿಸಿದ ಹಾಗೆ, ಸಾಲು ಹಿಡಿದು...

ಮಾವಿಗೆ ಮಾಗಿಯಲ್ಲಿ ಉಪವಾಸ ಬೇಕು. ಬೇರು ಒಣಗಿದರೇ ಕೊಂಬೆ ಹೂ ಬಿಡುವುದು. ನೀರು ಕುಡಿದ ಗಿಡ ಹೂವಿನ ಚಿಂತೆ ಬಿಟ್ಟು ಎಲೆ ಬಿಡುತ್ತದೆ. ಇದನ್ನು ಅವಳಿಗೆ ಹೇಳಿದವರು ಯಾರು? ಬಾಗನೂರಲ್ಲಿ ಅದು ಹಾಲುಣ್ಣುವ ಕೂಸಿಗೂ ಗೊತ್ತಿರುವ ಮಾತೆಂದು ಯಾರೂ ಹೇಳಿರಲೇ ಇಲ್ಲ.

ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಬಂದ ಮುದುಕಪ್ಪನವರು ತೋಟದೊಳಗೆ ಕಾಲಿಟ್ಟೊಡನೆ ನಿಂತುಬಿಟ್ಟರು. ಹಸಿ ಮಣ್ಣಿನ ವಾಸನೆ ಸಾಕಾಗಿತ್ತು.

“ನೀರು ಯಾರು ಬಿಟ್ರವ್ವ?”

“ನಾನರೀ ಮಾವ. ಭಾಳ ನೀರಡಿಸಿದ್ವು, ಪಾಪ... ಅದಕ್ಕ ಕೊಟ್ಟೆ.”

ಮುದುಕಪ್ಪನವರು ಬಗ್ಗಿ ಹಸಿ ಮಣ್ಣು ಮುಟ್ಟಿ ನೋಡಿದರು. ಆಮೇಲೆ ಕೈಚಾಚಿ ಸೊಸೆಯ ತಲೆಯನ್ನು ಹುಡುಕಿ ಅದರ ಮೇಲೆ ಅಂಗೈಯಿಟ್ಟು, “ಇದನ್ನ ನಿಮ್ಮ ಅತ್ತಿ ಮುಂದ ಹೇಳಬ್ಯಾಡ. ಯಾರ ಮುಂದನೂ ಹೇಳಬ್ಯಾಡ” ಎಂದಷ್ಟೇ ಅಂದರು.

ಮಾಘ ಬಂತು. ಊರ ತೋಟಗಳೆಲ್ಲ ಹೂವಿನಿಂದ ಘಮ್ಮೆನ್ನುತ್ತಿದ್ದಾಗ ಇವರ ಮೂವತ್ತೆರಡು ಗಿಡ ಕೆಂಪು ಚಿಗುರು ಬಿಟ್ಟು ನಿಂತವು. ಯುಗಾದಿಯ ಹೊತ್ತಿಗೆ ಉಪ್ಪಿನಕಾಯಿಗೂ ಕಾಯಿಲ್ಲ. ತೋಟದ ಗುತ್ತಿಗೆ ಕೇಳಲು ಬಂದಿದ್ದವನು ಕೊಂಬೆ ಬಗ್ಗಿಸಿ ನೋಡಿ, “ಮಾಗ್ಯಾಗ ಯಾರೋ ನೀರು ಕುಡಿಸ್ಯಾರ ನೋಡಮ್ಮ” ಎಂದು ಆದಮ್ಮನಿಗೆ ಹೇಳಿ ಹೋದ. ತೋಟದ ನಿಗಾ ಆಗ ಸೊಸೆಯದು. ಆದಮ್ಮನಿಗೆ ಬೇಕಾದದ್ದೂ ಅದೇ. ಸೊಸೆಗೆ ಮಡಿಲು ತುಂಬಿಲ್ಲವೆಂದು ತಮ್ಮನ ಮಗಳು ಸೂಗಮ್ಮನನ್ನು ಮಗನಿಗೆ ಎರಡನೆಯದಾಗಿ ತರಬೇಕೆಂದು ಎರಡು ವರ್ಷದಿಂದ ಹಟ ಹಿಡಿದಿದ್ದಳು. ಬಸ್ಸಪ್ಪ ಅಡ್ಡ ನಿಂತಿದ್ದ. ಅವನ ಬಾಯಿ ಮುಚ್ಚಿಸಲು ಈಗ ಗಿಡಗಳೇ ಸಾಕ್ಷಿ ಹೇಳುತ್ತಿದ್ದವು!

“ಹೊಟ್ಟಿನೂ ಬಂಜಿ, ಕೈನೂ ಬಂಜಿ!” ಅಂಗಳದಲ್ಲಿ ನಿಂತು ಆದಮ್ಮ ಕೂಗಿದಳು. “ಈಕಿ ಮುಟ್ಟಿದ್ದು ಯಾವುದು ಫಲ ಕೊಟ್ಟೈತಿ ಹೇಳು ಬಸ್ಸಪ್ಪ? ಮೂವತ್ತೆರಡು ಗಿಡ ಬಂಜಿ ಮಾಡ್ಯಾಳ! ಇನ್ನ ನಿನ್ನ ವಂಶ ಅಷ್ಟ ಉಳದೈತಿ.”

ಆಗಷ್ಟೇ ಒಳಗೆ ಬಂದ ಬಸ್ಸಪ್ಪ ಚೆಲ್ಲಿದ್ದ ಬಟ್ಟೆಗಳನ್ನು ನೋಡಿದ, ಹೆಂಡತಿಯನ್ನು ನೋಡಿದ. “ನೀ ಬಿಟ್ಟೀಯೇನ್ ನೀರು?”

ಗ್ಯಾನಮ್ಮ ಬಾಯಿ ತೆರೆಯುವಷ್ಟರಲ್ಲಿ ಪಡಸಾಲೆಯಿಂದ ಮಾವನ ಕೆಮ್ಮು ಕೇಳಿಸಿತು. “ನಾಡದು ಮಜಲಿಸ್ ಐತಿ. ಈ ವರ್ಷ ಪಾಳಿ ನಮ್ಮ ತ್ವಾಟದ್ದು. ಹಾಲ್ ನಾ ಹೇಳಬೇಕು. ಅಲ್ಲೇ ಕೇಳ್ರಿ.”

“ಕೇಳ್ತೀನಿ!” ಎಂದಳು ಆದಮ್ಮ. “ಅಲ್ಲಿ ಸುಳ್ಳು ಆಡೋ ಗಂಡಸಲ್ಲ ನೀನು. ಎಲ್ಲಾರ ಮುಂದ ಹೇಳು, ಯಾರು ಬಿಟ್ರು ಅಂತ. ಮುಕ್ಕುಂದಕ್ಕ ಆಗಲೇ ಹೇಳಿ ಕಳಿಸೀನಿ, ಅವರಪ್ಪ ಬಂದು ಕರ್ಕೊಂಡು ಹೋಗ್ಲಿ.”

ಬಸ್ಸಪ್ಪ ತಲೆ ತಗ್ಗಿಸಿ, “ಆಕೀನ ಬಿಟ್ಟಿದ್ದು ಖರೆ ಆದ್ರ... ನಾ ಇನ್ನ ಅಡ್ಡ ಬರಂಗಿಲ್ಲವ್ವ” ಎಂದ. ಅತ್ತೆಯ ನೂರು ಬೈಗುಳಕ್ಕೆ ಜಗ್ಗದ ಗ್ಯಾನಮ್ಮ ಆ ಒಂದು ಮಾತಿಗೆ ಅಂಗಳಕ್ಕಿಳಿದು, ಚೆಲ್ಲಿದ್ದ ಸೀರೆ ಮಡಚಿ ತಾನೇ ಟ್ರಂಕಿಗೆ ತುಂಬತೊಡಗಿದಳು.

ಮಜಲಿಸಿನ ದಿನ ಮುಂಜಾನೆ ಗ್ಯಾನಮ್ಮ ಮಾವನಿಗೆ ಚಹಾ ಕೊಟ್ಟು ಅಲ್ಲೇ ನಿಂತಳು. “ಖರೇನ ಹೇಳ್ರಿ ಮಾವ. ನಾ ಹೋಗ್ತೀನಿ. ನಮ್ಮೂರಾಗ ಕೂಲಿ ಮಾಡಿಯಾದ್ರೂ... ನನ್ನ ಸಲುವಾಗಿ ನೀವು ಆ ಜಾಗಾದಾಗ ಸುಳ್ಳು ಆಡಬ್ಯಾಡ್ರಿ. ನಿಮ್ಮ ಗಿಡ...” ಮುದುಕಪ್ಪನವರು ಬಟ್ಟಲಿನಲ್ಲಿ ಚಹಾ ಆರಿಸುತ್ತ, “ಸಕ್ರಿ ಕಡಿಮಿ ಆಗೈತಿ ನೋಡವ್ವ” ಎಂದರು.

ಹೊತ್ತು ಇಳಿಯುವಾಗ ಜನ ಸೇರಿತು. ಜಮಖಾನೆಯ ಮೇಲೆ ನಲವತ್ತು ಐವತ್ತು ಮಂದಿ. ಬೇರೆಯವರ ತೋಟದಿಂದ ತಂದ ಹಣ್ಣು ಬುಟ್ಟಿಯಲ್ಲಿದ್ದವು. ಬೇಲಿಯ ಬದಿಗೆ ಹೆಂಗಸರು, ಅವರಲ್ಲಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡ ಆದಮ್ಮ, ಹಿಂದೆ ಗೋಣು ತಗ್ಗಿಸಿದ ಗ್ಯಾನಮ್ಮ. ಹಿರಿಯರ ಜಾಗದಲ್ಲಿ ಉರ್ದು ಶಾಲೆಯ ಹಳೆಯ ಟೀಚರು ಜಮೀಲಾಬೀ ಕುಳಿತಿದ್ದರು. ಶಾಯರಿಯಲ್ಲಿ ಊರಿಗೆಲ್ಲ ಉಸ್ತಾದರಂತಿದ್ದ, ಎಪ್ಪತ್ತು ದಾಟಿದ ಹೆಂಗಸು.

ಮುದುಕಪ್ಪನವರು ಎದ್ದರು. “ಮೂವತ್ತೆರಡು ಗಿಡ. ಹೂ ಇಲ್ಲ, ಕಾಯಿ ಇಲ್ಲ. ಮಾಗ್ಯಾಗ ನೀರು ಕುಡದಾವ.”

“ಯಾರು ಕುಡಿಸಿದ್ರು? ಅದನ್ನ ಹೇಳು!” ಬೇಲಿಯ ಕಡೆಯಿಂದ ಆದಮ್ಮನ ದನಿ. ಕೆಲವರು ನಕ್ಕರು.

“ಹೇಳ್ತೀನಿ.” ಅವರು ಒಮ್ಮೆ ಮೇಲೆ ಕೊಂಬೆಗಳನ್ನು ನೋಡಿದರು. “ನಾನು. ರಾಯಚೂರಿಗೆ ಹೊಂಟ ದಿನ ಮುಂಜೇಲಿ ತೂಬು ಎತ್ತೀನಿ, ಮುಚ್ಚೋದು ಮರತೀನಿ. ಯಾಕ ಎತ್ತಿದೆ ಅಂದ್ರ ಅದೂ ನೆನಪಿಲ್ಲ. ಈಗೀಗ ನನಗ ಹಿಂಗ ಆಗಾಕತ್ತೈತಿ... ತಲಿ ನಿಂದ್ರವಲ್ದು.”

ಎಲ್ಲರೂ ಜಮೀಲಾಬೀಯವರ ಮುಖ ನೋಡಿದರು. ಆ ಮುದುಕಿಯ ತುಟಿ ತೆರೆಯಲಿಲ್ಲ. ತೆರೆಯುವುದಾದರೂ ಹೇಗೆ? ಮುದುಕಪ್ಪನವರು ರಾಯಚೂರಿಗೆ ಹೊರಟ ದಿನ ಸಿಂಧನೂರಿಗೆ ಹೋಗಲು ಅವರೂ ಅದೇ ಬಸ್ಸು ಹತ್ತಿದ್ದರು. ತೋಟದ ಪಕ್ಕ ಬಸ್ಸು ಸಾಗುವಾಗ ಇದೇ ಮುದುಕಪ್ಪ ಕಿಟಕಿಯಿಂದ ಕೈತೋರಿಸಿ, “ನೋಡ್ರಿ ಆಪಾ, ನೆಲ ಹೆಂಗ ಒಣಗೈತಿ! ಈ ಸಲ ಹೂವಂದ್ರ ಹೂ ಬರ್ತೈತಿ” ಎಂದು ಹುಡುಗನಂತೆ ಹಿಗ್ಗಿದ್ದನ್ನು ಅವರು ಕಿವಿಯಾರೆ ಕೇಳಿದ್ದರು. ಮುದುಕಿ ಒಮ್ಮೆ ಬೇಲಿಯ ಕಡೆ ನೋಡಿದರು. ಬಾಯಿಗೆ ಸೆರಗು ತುರುಕಿಕೊಂಡು ನಿಂತಿದ್ದ ಆ ಹೆಣ್ಣುಮಗಳನ್ನು ಕಂಡರು. ಇಪ್ಪತ್ತು ವರ್ಷ ಆ ಜಾಗದಲ್ಲಿ ಒಂದು ಹುಸಿ ಮಾತಿಗೂ ತಲೆದೂಗದ ಜಮೀಲಾಬೀ ಕಣ್ಣು ಮುಚ್ಚಿಕೊಂಡರು.

“ಸಚ್ ಹೈ.”

ಮೊದಲ ಪದ್ಯವನ್ನೂ ಅವರೇ ಹೇಳಿದರು, ಅಲ್ಲೇ ಹೊಳೆದ ಎರಡು ಸಾಲು:

ಪ್ಯಾಸ್ ದೇಖೀ ತೋ ದೇ ದಿಯಾ ಪಾನೀ
ಕೌನ್ ಸಮಝೇ ಇಸೇ ಖತಾ ಉಸ್ ಕೀ

ದಾಹ ಕಂಡಿತು, ನೀರು ಕೊಟ್ಟ ಜೀವ ಅದು. ಇದನ್ನು ತಪ್ಪೆಂದು ಯಾರು ಎಣಿಸಿಯಾರು? ಜನ ‘ವಾಹ್ ವಾಹ್’ ಎಂದರು. ಮರೆವಿನ ಮುದುಕನನ್ನು ಕ್ಷಮಿಸಿದ ಪದ್ಯವೆಂದುಕೊಂಡರು. ಮುದುಕಪ್ಪನವರು ಮಾತ್ರ ತಮ್ಮ ಪಾಳಿ ಬಂದಾಗ ಕೈಮುಗಿದು, ಇಂದು ನನ್ನ ಹತ್ತಿರ ಪದ್ಯವಿಲ್ಲ ಎಂದು ಕುಳಿತರು.

ಟ್ರಂಕು ಮತ್ತೆ ಒಳಗೆ ಹೋಯಿತು. ಕರೆದೊಯ್ಯಲು ಬಂದಿದ್ದ ಮುಕ್ಕುಂದದ ಅಪ್ಪ ಮಗಳ ಕೈಯ ರೊಟ್ಟಿ ಉಂಡು ಮರಳಿದ. ಬಸ್ಸಪ್ಪ ಹೆಂಡತಿಯ ಮುಖ ನೋಡಲಾರದೆ ನಾಲ್ಕು ದಿನ ತಿರುಗಿ, ಕೊನೆಗೆ, “ನಾ ಹಂಗ ಅನಬಾರದಿತ್ತು” ಎಂದ. ಆದಮ್ಮನ ಸಿಟ್ಟು ಮಾತ್ರ ಬೇರೆ ದಾರಿ ಹಿಡಿಯಿತು. “ಮುದುಕಗ ಅರಳು-ಮರಳು ಹಿಡದೈತಿ! ತಾ ಮಾಡಿದ್ದು ತನಗ ಗೊತ್ತಿಲ್ಲ. ಇನ್ನ ತ್ವಾಟ ಇವನ ಕೈಯಾಗ ಬಿಟ್ರ ಮನಿ ಮಣ್ಣಾಗತೈತಿ.” ಇಡೀ ಊರೇ ಕೇಳಿದ್ದ ಮಾತನ್ನು ಇಲ್ಲವೆನ್ನುವುದು ಹೇಗೆ? ಗಿಡದ ರೋಗ ಕೇಳಲು ಲಿಂಗಸುಗೂರಿನಿಂದ ಬರುತ್ತಿದ್ದವರು ಬರುವುದು ಬಿಟ್ಟರು. ಪೊರೆ ತೆಗೆದ ಕಣ್ಣು ಚೆನ್ನಾಗಿ ಕಾಣುತ್ತಿದ್ದರೂ ಮನೆಯಲ್ಲಿ ಅವರನ್ನು ಕುರುಡರಂತೆ ಕೈಹಿಡಿದು ನಡೆಸತೊಡಗಿದರು.

ಜೂನಿನಲ್ಲಿ ಬಸ್ಸಪ್ಪ ಪಕ್ಕದೂರು ಗೊರೇಬಾಳದವರಂತೆ ತಾನೂ ಭತ್ತ ಮಾಡುವುದೆಂದು ನಿಶ್ಚಯಿಸಿದ. ಕಾಲುವೆಯ ಬದಿಯ ಹದಿನೆಂಟು ಗಿಡ ಕಡಿಸಿ ನೆಲ ಮಟ್ಟ ಮಾಡಬೇಕು. ಮೊದಲ ಗಿಡಕ್ಕೆ ಕೊಡಲಿ ಬಿದ್ದ ಸದ್ದಿಗೆ ಗ್ಯಾನಮ್ಮ ಒಲೆ ಬಿಟ್ಟು ಓಡಿದಳು. “ನಿಂದ್ರಿಸ್ರಿ! ಮಾವ ಅಲ್ಲ...” ಎನ್ನುವಷ್ಟರಲ್ಲಿ ಬದುವಿನಲ್ಲಿ ಕುಳಿತಿದ್ದ ಮುದುಕಪ್ಪನವರು ಅವಳ ಸೆರಗು ಹಿಡಿದು ಜಗ್ಗಿದರು.

“ಸುಮ್ಕಿರು.”

“ಹೆಂಗ ಸುಮ್ಕಿರ್ಲಿ ಮಾವ? ನಿಮ್ಮನ್ನ ಹುಚ್ಚ ಅನ್ನಾಕತ್ತಾರ... ನಿಮ್ಮಪ್ಪ ಹಚ್ಚಿದ ಗಿಡ...”

“ನೀ ಈಗ ಬಾಯಿ ಬಿಟ್ರ ಗಿಡಾನೂ ಹೋಗ್ತಾವ, ನೀನೂ ಹೋಗ್ತಿ, ಜಮೀಲಾ ಆಪಾನ ಮಾತೂ ಸುಳ್ಳಾಗತೈತಿ. ಆ ಮುದುಕಿ ನನ್ನ ಸಲುವಾಗಿ ‘ಸಚ್’ ಅಂದಾಳ. ಅದನ್ನರ ಉಳಸವ್ವ.”

ಗಿಡ ಬಿದ್ದಾಗಲೆಲ್ಲ ಅವರ ಹೆಗಲು ಅದುರುತ್ತಿತ್ತು. ಹದಿನೆಂಟು ಸಲ. ಸೊಸೆ ಪಕ್ಕದಲ್ಲೇ ನಿಂತು ಅಷ್ಟೂ ಸಲ ನೋಡಿದಳು...

ಆಗಸ್ಟಿನಲ್ಲಿ ಕಾಲುವೆ ತುಂಬಿತು. ಸಸಿ ಹಚ್ಚುವ ಹೊತ್ತು. ಬಸ್ಸಪ್ಪ ಗೊಬ್ಬರ ತರಲು ಸಿಂಧನೂರಿಗೆ ಹೋಗಿದ್ದ. ಭತ್ತವೆಂದರೆ ಈಗ ಮನೆಯಲ್ಲಿ ಎಲ್ಲದಕ್ಕೂ ಮುಕ್ಕುಂದದ ಸೊಸೆಯನ್ನೇ ಕೇಳುವುದು. ಕೂಲಿ ಹೆಂಗಸರ ಮುಂದಾಳು ಹೊನ್ನೂರಮ್ಮ ಸೊಂಟ ಕಟ್ಟಿ ನಿಂತು, “ಗ್ಯಾನವ್ವ, ನೀರು ಬಿಡೂಣೇನ್ಬೇ? ಹೊತ್ತೇರತೈತಿ” ಎಂದಳು.

ಗ್ಯಾನಮ್ಮ ತೂಬಿನ ಹತ್ತಿರ ಹೋದವಳು ತಿರುಗಿದಳು. ಬದುವಿನ ಮೇಲೆ ಮುದುಕಪ್ಪನವರು ಒಬ್ಬರೇ ಕುಳಿತಿದ್ದರು. ಎಲ್ಲರಿಗೂ ಕೇಳುವಂತೆ ಅವಳು ಗಟ್ಟಿಯಾಗಿ ಕೂಗಿದಳು: “ಮಾವ! ನೀರು ಬಿಡ್ಲೇನ್ರಿ?”

ಹೆಂಗಸರು ಮುಖ ಮುಖ ನೋಡಿಕೊಂಡರು. “ಅಜ್ಜಗೇನ್ ಕೇಳ್ತಿ? ಇನ್ನೊಂದು ಸಲ ಮುಚ್ಚೋದು ಮರತಾನು!” ಯಾರೋ ಕಿಸಕ್ಕೆಂದರು.

ಮುದುಕಪ್ಪನವರು ನಂಬಲಾರದವರಂತೆ ಎದ್ದರು. ಮೂರು ತಿಂಗಳಿಂದ ಅವರನ್ನು ಯಾರೂ ಏನೂ ಕೇಳಿರಲಿಲ್ಲ. ಕೆಳಗಿಳಿದು ಬಂದು ಹೆಬ್ಬೆರಳಿನಿಂದ ಮಣ್ಣು ಒತ್ತಿ ನೋಡಿ, “ಇನ್ನೆರಡು ದಿನ ಒಣಗ್ಲಿ” ಎಂದರು.

ಅದು ಮಾವಿನ ಮಾತು, ಭತ್ತದ್ದಲ್ಲ. ಮಡಿಯಲ್ಲಿ ಸಸಿ ಬಲಿತುಬಿಟ್ಟಿವೆ, ಎರಡು ದಿನ ತಡೆದರೆ ತುದಿ ಹಳದಿಯಾಗುತ್ತದೆ. ಮುಕ್ಕುಂದದ ಮಗಳಿಗೆ ಅದು ತಿಳಿಯದೇ? “ಆತ್ರಿ” ಎಂದಳು. ಹೆಂಗಸರನ್ನು ಮನೆಗೆ ಕಳಿಸಿಬಿಟ್ಟಳು.

ಸಂಜೆ ಬಸ್ಸಪ್ಪ ಒಣನೆಲ ನೋಡಿ ಕೆರಳಿದ. “ಯಾರು ಹೇಳಿದ್ರು ನಿಂದ್ರಸಾಕ?”

“ನಾನರೀ. ನಾನ ನಿಂದ್ರಿಸೀನಿ.”

“ಹುಟ್ಟಿದ್ದು ಗದ್ದ್ಯಾಗ, ಬುದ್ಧಿ ಮಾತ್ರ ಒಣಾ ಹೊಲ!” ಆದಮ್ಮ ಎರಡು ದಿನ ಬಾಯಿ ಮುಚ್ಚಲಿಲ್ಲ. ಗ್ಯಾನಮ್ಮ ಕೇಳಿಸಿಕೊಂಡಳು, ರೊಟ್ಟಿ ಬಡಿದಳು.

ಮೂರನೆಯ ಮುಂಜಾನೆ ಮುದುಕಪ್ಪನವರು ತಾವಾಗಿಯೇ ಗದ್ದೆಗೆ ಬಂದರು. ಹಳದಿ ತಿರುಗಿದ ಸಸಿಯ ತುದಿಯನ್ನು ಬೆರಳಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

“ನಾ ಹೇಳಿದ್ದು ತಪ್ಪಾತೇನವ್ವ?”

“ಇಲ್ರಿ ಮಾವ. ಬರೋಬ್ಬರಿ ಐತಿ.”

ಅವರು ಅವಳ ಮುಖವನ್ನು ನೋಡಿದರು. ಆಮೇಲೆ, “ಹಂಗಾದ್ರ ನೀರು ಬಿಡು” ಎಂದರು.

ಗ್ಯಾನಮ್ಮ ನೆರಿಗೆ ಎತ್ತಿ ಕಟ್ಟಿ ತೂಬಿಗೆ ಕೈಹಾಕಿದಳು.