ತಿಕ್ಕಿದ ಬೆಳ್ಳಿ

“ಮಷೀನು ಸ್ವಚ್ಛ ಅಂತೈತಿ. ನೀವು ಮಾತ್ರ ನಂಬಂಗಿಲ್ಲ ಅಂತೀರಿ! ನಮ್ಮ ಎಲಿಯೊಳಗ ವಿಷ ಇರಲೇಬೇಕೇನ್ರಿ?”

ಸುಧಾರಾಣಿಯ ದನಿ ಇಡೀ ಎಲೆತೋಟಕ್ಕೆ ಕೇಳಿಸಿತು. ಜಯತೀರ್ಥ ಮಾತ್ರ ತಲೆ ಎತ್ತಲಿಲ್ಲ.

ಧಾರವಾಡದ ಈ ಸಂಶೋಧಕ ಒಂದು ತಿಂಗಳಿಂದ ಸವಣೂರಿನ ತೋಟಗಳಿಗೆ ಬಂದು ಹೋಗುತ್ತಿದ್ದ. ವೀಳ್ಯದೆಲೆಯಲ್ಲಿ ಕೀಟನಾಶಕ ಇಲ್ಲವೆಂದು ಅವನು ಬರೆದುಕೊಟ್ಟರೆ ಪರರಾಜ್ಯದ ವ್ಯಾಪಾರಿಯೊಬ್ಬ ಸುಧಾರಾಣಿಯ ಎಲೆಯನ್ನು ವರ್ಷವಿಡೀ ಕೊಳ್ಳಲಿದ್ದ. ಇಲ್ಲವಾದರೆ ಇಲ್ಲ. ಅಪ್ಪ ಹೋದ ಮೇಲೆ ಅವಳೇ ನಿಂತು ಬೆಳೆಸಿದ ತೋಟವದು.

ಅವನ ಬೈಕಿನ ಸದ್ದಿಗಾಗಿ ಕಿವಿಗೊಟ್ಟು ಕೂರುತ್ತಿದ್ದೆಯಲ್ಲ ಎಂದು ಈಗ ಯಾರಾದರೂ ಕೇಳಿದರೆ ಒಪ್ಪುವ ಹುಡುಗಿಯಲ್ಲ ಬಿಡಿ!

ಜಯತೀರ್ಥ ಪುಟ್ಟ ಸೀಸೆಯಿಂದ ಕೀಟನಾಶಕವನ್ನೇ ಒಂದು ಹನಿ ಪರೀಕ್ಷೆಯ ಬೆಳ್ಳಿಬಿಲ್ಲೆಯ ಮೇಲೆ ಬಿಟ್ಟು ಲೇಸರ್ ಹಾಯಿಸಿದ. ಪರದೆಯ ಮೇಲಿನ ಗೆರೆ ಅಲುಗಲಿಲ್ಲ.

“ನೋಡ್ರಿ... ವಿಷಾನ ಹಾಕಿದ್ರೂ ಸ್ವಚ್ಛ ಅಂತದ. ಡಬ್ಬ್ಯಾಗಿನ ಬಿಲ್ಲೆ ಎಲ್ಲಾ ಕೆಟ್ಟಾವ. ನಿನ್ನೆ ಡಬ್ಬಿ ನಿಮ್ಮ ಮನ್ಯಾಗ ಬಿಟ್ಟು ಹೋಗಿದ್ದೆ. ಯಾರು ಮುಟ್ಟಿದ್ರಿ?”

ಅವಳ ಮುಖ ಕೆಂಪಾಯಿತು. ‘ಅಂದರೆ ನಾನು ಮೋಸಗಾರ್ತಿ! ಇವನಿಗಾಗಿಯೇ ನಾನು ದಾರಿ ಕಾದದ್ದು?’

“ನಮ್ಮನ್ನ ಕಳ್ಳರು ಅಂತೀರೇನು?”

ಅವನು ಕೆಟ್ಟ ಬಿಲ್ಲೆಗಳನ್ನು ಎಣಿಸತೊಡಗಿದ. ಅದೇ ಅವಳಿಗೆ ಚುಚ್ಚಿತು.

ಅಷ್ಟರಲ್ಲಿ ಚಹಾ ಹಿಡಿದು ಬಂದ ಅವಳ ಅವ್ವ ಸರೋಜವ್ವ, ಬಿಲ್ಲೆ ನೋಡಿ ಮುಖ ಅರಳಿಸಿದಳು.

“ಹೆಂಗ ಹೊಳ್ಯಾಕತ್ತಾವ ನೋಡ್ರಿ! ಪಾಪ, ಬೆಳ್ಳಿ ಕಪ್ಪಿಟ್ಟಿತ್ತು. ಲಿಂಗದ ಬೆಳ್ಳಿ ಕರಡಿಗಿ ತಿಕ್ಕೂವಾಗ ಇವನ್ನೂ ವಿಭೂತಿ ಹಚ್ಚಿ ತಿಕ್ಕಿಟ್ಟೆ.”

ಇಬ್ಬರೂ ಬೆಪ್ಪಾಗಿ ನಿಂತರು.

“ಅವ್ವಾ!”

“ಮನಿಗೆ ಬಂದವರ ಬೆಳ್ಳಿ ಕಪ್ಪ ಇರಬಾರದವಾ...”

ಜಯತೀರ್ಥ ಮೆತ್ತಗೆ ಹೇಳಿದ. “ಅದು ಕೊಳಿ ಅಲ್ರಿ ಅಮ್ಮಾ. ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿ ಉಬ್ಬು. ಬೆಳಕು ಬಿದ್ದಾಗ ಆ ಉಬ್ಬಿನ ಸಂದ್ಯಾಗ ಕೂತ ವಿಷದ ಗುರುತು ಜೋರಾಗಿ ಕಾಣತದ. ತಿಕ್ಕಿದ್ರ ಉಬ್ಬೆಲ್ಲ ಹೋಗತಾವ.”

ಆಮೇಲೆ ಡಬ್ಬಿಗೆ ಸೇರದೆ ಚೀಲದಲ್ಲೇ ಉಳಿದಿದ್ದ ಒಂದು ಬಿಲ್ಲೆ ತೆಗೆದ. “ಉಳಿದದ್ದು ಇದೊಂದ. ಎಲಿ ನೀವ ಆರಿಸಿ ತರ್ರಿ.”

‘ಇದೂ ನನ್ನನ್ನು ಅಳೆಯುವ ಆಟವೇ?’ ಎಂದುಕೊಂಡಳು ಸುಧಾರಾಣಿ. ನಡುವಿನ ಸಾಲಿನ ಬಳ್ಳಿಗಳನ್ನು ದಾಟಿ ಬೇಲಿಯವರೆಗೆ ನಡೆದಳು. ಒಂದೇ ಎಲೆ ಹರಿದು ತಂದಳು.

“ಇದನ್ನ ಹಚ್ರಿ. ಬಾಜೂ ಹೊಲದ ಮಲ್ಲೇಶಪ್ಪ ಹತ್ತಿಗೆ ಹುಳದ ಎಣ್ಣಿ ಹೊಡೀತಾನ. ಗಾಳಿ ಇತ್ತಾಗ ಬೀಸತೈತಿ.”

ಲೇಸರ್ ಬಿತ್ತು. ಪರದೆಯಲ್ಲಿ ಗೆರೆ ಮೇಲೆದ್ದಿತು.

“ಸ್ವಲ್ಪ ಅದ...” ಅವನ ದನಿ ಇಳಿದಿತ್ತು. “ನಡುವಿನ ಎಲಿ ತಂದಿದ್ರ ಇಷ್ಟೊತ್ತಿಗೆ ನಿಮ್ಮ ಕೆಲಸ ಆಗತಿತ್ತು.”

“ತಿನ್ನೋರ ಬಾಯಿಗೆ ಹೋಗೂದದು. ಇದ್ದದ್ದು ಬರೀರಿ.” ಹೇಳುವಷ್ಟರಲ್ಲಿ ಅವಳ ಕಣ್ಣು ತುಂಬಿತು.

ಅವನಿಗೆ ನಾಚಿಕೆಯಾಯಿತು. ಇಂಥವಳನ್ನು ಸಂಶಯಿಸಿದೆನಲ್ಲ!

“ಬೇಲಿ ಸಾಲಿನ ಎಲಿ ಅಂತ ಬರೀತೇನಿ. ಸೋಮವಾರ ಹೊಸ ಬಿಲ್ಲೆ ತಂದು ಉಳಿದ ಸಾಲು ನೋಡತೇನಿ. ಸುಧಾ... ನನ್ನದು ತಪ್ಪಾತು.”

ಅವನು ಅವಳನ್ನು ಹಾಗೆ ಹೆಸರು ಹಿಡಿದು ಕರೆದದ್ದು ಮೊದಲ ಸಲ. ಸರೋಜವ್ವ ಚಹಾದ ಕಪ್ಪು-ಬಸಿ ಎತ್ತಿಕೊಂಡು ಹೊರಟೇಬಿಟ್ಟಳು. ಬುದ್ಧಿವಂತೆ!

“ನನ್ನ ಮ್ಯಾಲೆ ಇನ್ನೂ ಸಂಶಯ ಐತೇನ್ರಿ?”

“ಒಂದದ. ನನ್ನನ್ನ ಮದುವಿ ಆಗತೀರೋ, ಇಲ್ಲೋ ಅಂತ...”

ಸುಧಾರಾಣಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಗು ತಡೆಯಲಾಗಲಿಲ್ಲ.

“ಅದನ್ನ ನನ್ನ ಮಾರಿ ನೋಡಿ ಕೇಳ್ರಿ. ಮಷೀನ್ ಯಾಕ ನೋಡತೀರಿ?”

ಅವನು ತಲೆ ಎತ್ತಿದ. “ಕೇಳಿದೆ.”

“ಹೂಂ ಅಂದೆ.”